ಹತ್ತು ಡಿಗ್ರಿಯ ಓಲೆ

ಎಳ್ಳಮಾಸಿ ಕಳೆದು ನಾಲ್ಕನೇ ರಾತ್ರಿ. ಬೀದರ.
ಕೋಟೆಯ ಕಡೆಯಿಂದ ಗಾಳಿ ಚೌಬಾರಾ ಸುತ್ತಿ ಬಂದು
ಲ್ಯಾಬಿನ ಒಡಕು ಗಾಜಿಗೆ ನಾನು ಅಂಟಿಸಿದ
ಹಳೆಯ ಪ್ರಶ್ನೆಪತ್ರಿಕೆಯನ್ನು ಪಟಪಟ ಓದುತ್ತದೆ.

ಮೂವತ್ತು ಡಿಗ್ರಿಯ ಹಿತದಲ್ಲಿ ಬೆಳೆಯುತ್ತಿದ್ದವನ್ನು
ಸಂಜೆ ಆರಕ್ಕೆ ಹತ್ತಕ್ಕೆ ಇಳಿಸಿದೆ.
ತಪ್ಪೇನೂ ಮಾಡಿರಲಿಲ್ಲ ಅವು.
ಎರಡು ತಾಸಿಗೊಮ್ಮೆ ಒಂದು ಗುಟುಕು ತೆಗೆದು
ಜೀವವನ್ನು ಅಲ್ಲಿಗೇ ನಿಲ್ಲಿಸಿ
ನಳಿಗೆಯ ಮೇಲೆ ಹೊತ್ತು ಬರೆಯುತ್ತೇನೆ:
ಎಂಟು. ಹತ್ತು. ಹನ್ನೆರಡು.

ಈ ಯೀಸ್ಟು ಯಾವ ಕಂಪನಿಯದೂ ಅಲ್ಲ.
ಶಹಾಗಂಜಿನ ಭಟ್ಟಿಯ ಜುಲೇಖಾಬಿ
ಅತ್ತೆಯಿಂದ ಪಡೆದು, ದಿನಾ ಹಿಟ್ಟು ಉಣಿಸಿ
ಉಳಿಸಿಕೊಂಡ ಖಮೀರಿನದು;
ಬೇಡಿ ತಂದೆ, ಒಂದು ಚಮಚೆ.
ನನ್ನ ವಹಿಯಲ್ಲಿ ಅದರ ಹೆಸರು ಜು-ಮೂರು.
ಒಂದು, ಎರಡು ಬೂಸ್ಟು ಹಿಡಿದು ಹೋದವು.

ಚಳಿಗೆ ಮೊದಲು ಬಿಗಿಯುವುದು ಪೊರೆ.
ನಸುಕಿನ ತುಪ್ಪದ ಗಿಂಡಿ ಹಾಗೆ,
ಚಮಚೆ ಊರಿದರೂ ಇಳಿಯದು.
ಬಾಗಿಲೆಲ್ಲ ಗೋಡೆಯಾಗುವ ಹೊತ್ತು.
ಆಗ ಒಂದು ಜೀನು ಎದ್ದು ಕೂರುತ್ತದೆ.
ಪುಸ್ತಕದಲ್ಲಿ ಅದು ಓ, ಎಲ್, ಇ, ಒಂದು.
ನಾನು ಮೊದಲ ದಿನದಿಂದ ‘ಓಲೆ’ ಎಂದೇ ಓದಿದೆ,
ಕನ್ನಡ ಶಾಲೆಯ ನಾಲಗೆ.

ಓಲೆ ಯಾರಿಗೆ? ತನಗೇ.
ಕ್ಷೇಮ, ಕುಶಲ ಏನಿಲ್ಲ. ಒಕ್ಕಣೆ ಇಷ್ಟು:
ನೆಟ್ಟಗೆ ನಿಂತ ಕೊಬ್ಬಿನ ಎಳೆಗಳಲ್ಲಿ
ಅಲ್ಲಲ್ಲಿ ಒಂದು ಗೆಣ್ಣು ಬಾಗಿಸು,
ಒಂದಕ್ಕೊಂದು ಒತ್ತಿ ಕೂರದಂತೆ.
ತುಪ್ಪ ಅಷ್ಟರಮಟ್ಟಿಗೆ
ಕುಸುಬಿ ಎಣ್ಣೆಯ ಕಡೆ ಸರಿಯುತ್ತದೆ.
ನಮ್ಮ ಮನೆಯ ಕುಸುಬಿ ಎಣ್ಣೆ
ಯಾವ ಥಂಡಿಗೂ ಹೆಪ್ಪುಗಟ್ಟಿದ್ದು ನಾನು ಕಾಣೆ.

ಓಲೆ ಹೊತ್ತ ಎಳೆಯೂ ಚಳಿಗೆ
ತನ್ನ ಮೇಲೆ ತಾನೇ ಮಡಚಿ ಗಂಟಾಗುತ್ತದಂತೆ.
ಗಂಟು ಬಿಡಿಸುವವರು ಬೇರೆ ಬರಬೇಕು.
ಅವರನ್ನು ಕರೆಯುವುದಕ್ಕೂ ಇನ್ನೊಂದು ಓಲೆ.

ಇದನ್ನು ಹೇಳಿದಾಗ ಜುಲೇಖಾಬಿ ನಕ್ಕಿದ್ದಳು:
“ಬರೀತದ ಅಂದ್ರ ಇರಲಿ ಬಾಯಿ,
ಓದ್ಲಿಕ್ಕೂ ಬರ್ತದಾ ಅದಕ್ಕ?”

ಎರಡು ಗಂಟೆಯದು ತೆಗೆದೆ.
ನಾಲ್ಕರದು ತಪ್ಪಿತು.
ಶಾಲು ಹೊದ್ದು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದೆ.
ಎದ್ದಾಗ ಆರು. ಮಸೀದಿಯ ಕರೆ ಮುಗಿದಿತ್ತು.

ವಾರ ಕಳೆದು ಜೆಲ್ಲಿನ ಮೇಲೆ ನೋಡಿದರೆ
ಎರಡರವರೆಗೆ ಮೊದಲ ಗಾಬರಿಯ ಪಟ್ಟೆಗಳು, ದಟ್ಟ.
ಆರರ ಹೊತ್ತಿಗೆ ಅವು ಮಸುಕು;
ಹೊಸಬರು ಬಂದಿದ್ದಾರೆ,
ಗೋಡೆಗೆ ಗಿಲಾವು ಬಳಿಯುವವರು,
ಜೋಡಿ ಸಕ್ಕರೆ ಕೂಡಿಡುವವರು.
ಚಳಿಯನ್ನು ಬೈಯುವುದು ನಿಂತು
ಚಳಿಯಲ್ಲಿ ಸಂಸಾರ ಹೂಡಿದಂತೆ.
ಈ ನಡುವೆ ಏನೋ ತಿರುಗಿತು.
ಅದು ನಡೆದಾಗ ನಾನು ಗೊರಕೆ ಹೊಡೆಯುತ್ತಿದ್ದೆ.

ಯಾದಗಿರಿಯ ಬಿಸಿಲುಂಡ ಮೈ ನನ್ನದು.
ಈ ಊರಿಗೆ ಬಂದ ಮೊದಲ ಪುಷ್ಯದಲ್ಲಿ
ಎರಡು ಕೌದಿಯೊಳಗೆ ಹಲ್ಲು ಕಟಕಟ,
ತುಟಿಯ ಬಿರುಕಿನಲ್ಲಿ ರಕ್ತ,
ವರ್ಗಾವಣೆಯ ಅರ್ಜಿ ಮೂರು ಸಲ ಬರೆದು ಹರಿದೆ.
ಈಗ ನಲ್ಲಿಯ ನೀರಲ್ಲೇ ಮುಖ ತೊಳೆಯುತ್ತೇನೆ.
ನಡುಗುವುದು ಬಿಟ್ಟದ್ದು ಯಾವ ರಾತ್ರಿ?
ಯಾರೂ ಗುಟುಕು ತೆಗೆದಿಡಲಿಲ್ಲ.

ಆ ದಿನ ಆರೂವರೆಗೆ ಭಟ್ಟಿಗೆ ಹೋದೆ.
ಹಿಟ್ಟು ಉಬ್ಬಿರಲಿಲ್ಲ. ಗಿರಾಕಿಗಳು ಕೈ ಉಜ್ಜುತ್ತ ನಿಂತಿದ್ದರು.
ಮೊಮ್ಮಗ ತಾಹೇರ ಮಡಕೆ ಎತ್ತಿದ್ದ, ಚೆಲ್ಲಲಿಕ್ಕೆ;
ಅಂಗಿಯ ಜೇಬಿನಲ್ಲಿ ಪಾಕೀಟಿನ ಪುಡಿ ಸಿದ್ಧ.
ಮುದುಕಿ ಮಡಕೆಯ ಹೊಟ್ಟೆಗೆ ಅಂಗೈ ಹಚ್ಚಿ
ಜ್ವರ ನೋಡುವವಳ ಹಾಗೆ ತಡೆದಳು:
“ಸತ್ತಿಲ್ಲೋ. ಒಳಗ ಕೆಲಸ ನಡದದ.”

ಒಂಬತ್ತೂವರೆಗೆ ಮೊದಲ ರೊಟ್ಟಿ.
ಗಿರಾಕಿಗಳು ಅಷ್ಟರಲ್ಲಿ ಹೋಗಿದ್ದರು.
ನಾವು ಮೂವರೇ ಹರಿದು ತಿಂದೆವು,
ತುಸು ಹೆಚ್ಚೇ ಹುಳಿ.

ವಹಿಯಲ್ಲಿ ನಾಲ್ಕರ ಮನೆ ಖಾಲಿ ಬಿಟ್ಟಿದ್ದೇನೆ.
ಎರಡಕ್ಕೂ ಆರಕ್ಕೂ ನಡುವೆ ಗೆರೆ ಎಳೆದು
ಕೂಡಿಸಬಹುದಿತ್ತು.